ನೋವನ್ನು ಕೇಳುವ ಭಾಷೆ

ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆಗಿದ್ದ ಜಾರ್ಜ್ ಮಾರಿಸನ್ ಕಾರ್‌ಸ್ಟೇರ್ಸ್ ಅವರನ್ನು ಬ್ರಿಟನ್ ನೆನೆಯುವುದು 1962ರ ಬಿಬಿಸಿ ರೀತ್ ಉಪನ್ಯಾಸಗಳಿಗಾಗಿ. ಕನ್ನಡಿಗರು ನೆನೆಯಬೇಕಾದ ಕಾರಣ ಬೇರೆಯದು. ಮನಸ್ಸಿನ ನೋವನ್ನು ಅಳೆಯುವ ಮೊದಲು ಅದನ್ನು ನೊಂದವರ ಭಾಷೆಯಲ್ಲಿ ಕೇಳಲು ಕಲಿಯಬೇಕೆಂಬ ಪಾಠಕ್ಕೆ ಅವರು ಆರಿಸಿಕೊಂಡದ್ದು ನಮ್ಮದೇ ನೆಲ.

1916ರಲ್ಲಿ ಮಸ್ಸೂರಿಯಲ್ಲಿ ಮಿಷನರಿ ದಂಪತಿಯ ಮಗನಾಗಿ ಹುಟ್ಟಿದ ಅವರ ಬಾಲ್ಯ ರಾಜಸ್ಥಾನದಲ್ಲಿ ಕಳೆಯಿತು. ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ ಪಡೆದು, ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ವೈದ್ಯರಾಗಿ ದುಡಿದರು. ಬಳಿಕ ರಾಜಸ್ಥಾನದ ಹಳ್ಳಿಗೆ ಮರಳಿ, ಅಲ್ಲಿನ ಜನರ ನಡುವೆ ಬಾಳಿ ನಡೆಸಿದ ಅಧ್ಯಯನ 1957ರಲ್ಲಿ ಪುಸ್ತಕವಾಗಿ ಬಂತು. 1961ರಲ್ಲಿ ಎಡಿನ್‌ಬರೋದಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು.

ಅದು ಮನೋವೈದ್ಯಶಾಸ್ತ್ರವು ಅಳತೆಗೋಲುಗಳನ್ನು ಹುಡುಕುತ್ತಿದ್ದ ಕಾಲ. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ ಖಿನ್ನತೆಯ ಮಾಪಕ ಮುಂದೆ ಸ್ಪ್ಯಾನಿಷ್ ಸೇರಿದಂತೆ ಅನೇಕ ಭಾಷೆಗಳಿಗೆ ಹೋಯಿತು. ಆದರೆ ಇಂತಹ ಪ್ರಶ್ನಾವಳಿಯ ಪದಗಳನ್ನು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಹೊಸ ಭಾಷೆಯ ರೋಗಿಗಳ ನಡುವೆ ಅದನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಕಾರ್‌ಸ್ಟೇರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರವಿ ಕಪೂರ್ ಅವರೊಡನೆ ಅವರು ಆಯ್ದುಕೊಂಡದ್ದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟವನ್ನು, ಶಿವರಾಮ ಕಾರಂತರು ಹುಟ್ಟಿದ ಊರನ್ನು. ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳಲ್ಲಿ ಅಧ್ಯಯನ ನಡೆಯಿತು. ಪಾಶ್ಚಾತ್ಯ ಪ್ರಶ್ನಾವಳಿ ಇಲ್ಲಿಗೆ ಸಾಲದೆಂದು ಕಂಡು, ರವಿ ಕಪೂರ್, ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ 124 ಲಕ್ಷಣಗಳನ್ನು ವಿಚಾರಿಸುವ ಭಾರತೀಯ ಪ್ರಶ್ನಾವಳಿಯೊಂದನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ವೈದ್ಯ, ಮಂತ್ರವಾದಿ, ಪಾತ್ರಿಗಳ ಬಳಿ ಜನ ಏಕೆ ಹೋಗುತ್ತಾರೆಂಬುದನ್ನೂ ಗೇಲಿ ಮಾಡದೆ ವಿಚಾರಿಸಿದರು. ಕೋಟದ ಕುರಿತ ಗ್ರಂಥ 1976ರಲ್ಲಿ ಹೊರಬಂತು. ಕಪೂರ್ ಬೆಂಗಳೂರಿನಲ್ಲಿ ಸಮುದಾಯ ಮನೋವೈದ್ಯಕೀಯಕ್ಕೆ ಅಡಿಪಾಯ ಹಾಕಿದರು. 1973ರಿಂದ ಯಾರ್ಕ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕಾರ್‌ಸ್ಟೇರ್ಸ್ 1991ರಲ್ಲಿ ನಿಧನರಾದರು.

ಅವರ ಪಾಠ ಕಡಲತೀರದಲ್ಲೇ ಉಳಿಯಬೇಕಾದುದಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನು ನೋಡಿ. ಸಿಮೆಂಟ್ ಕಾರ್ಖಾನೆ, ಕಲ್ಲುಗಣಿ, ತೊಗರಿ ಹೊಲಗಳ ಈ ಸೀಮೆಯಲ್ಲಿ ಕನ್ನಡದ ಜೊತೆಗೆ ತೆಲುಗು, ದಖನಿ ಉರ್ದುಗಳೂ ಮನೆಮಾತು. ಇಲ್ಲಿನ ಕನ್ನಡಕ್ಕೂ ತನ್ನದೇ ಜಾಯಮಾನವಿದೆ. ಎದೆ ಭಾರ, ಮೈಯಲ್ಲಿ ಉರಿ, ಕೈಕಾಲಲ್ಲಿ ಕಸುವಿಲ್ಲ ಎಂದು ಹೇಳಿಕೊಳ್ಳುವ ಹೆಣ್ಣುಮಗಳ ಮುಂದೆ ಖಿನ್ನತೆ, ನಿರಾಸಕ್ತಿ ಎಂಬ ಗ್ರಾಂಥಿಕ ಪದಗಳ ಪ್ರಶ್ನಾವಳಿ ಹಿಡಿದರೆ, ಉತ್ತರ ಇಲ್ಲ ಎಂದೇ ಬರಬಹುದು. ಆಕೆ ಶಕ್ತಿಯ ಟಾನಿಕ್ ಹಿಡಿದು ಮನೆಗೆ ಮರಳುತ್ತಾಳೆ. ಕಾಯಿಲೆ ಜೊತೆಯಲ್ಲೇ ಹೋಗುತ್ತದೆ. ಸಾಯುವ ಯೋಚನೆಯ ಕುರಿತಾದ ಪ್ರಶ್ನೆ ಹೀಗೆ ತಪ್ಪಿಹೋದರೆ, ತೆರಬೇಕಾದ ಬೆಲೆ ಒಂದು ಜೀವ.

ಟೆಲಿಮಾನಸ್ ಸಹಾಯವಾಣಿ 14416 ಬಂದದ್ದು 2022ರಲ್ಲಿ. ದೂರವಾಣಿ ಊರೂರನ್ನು ತಲುಪಿರುವಾಗ, ಅದರ ಆಚೆಬದಿಯ ಕಿವಿ ಆ ಊರಿನ ಮಾತನ್ನೂ ತಿಳಿದಿರಬೇಕು. ಆಶಾ ಕಾರ್ಯಕರ್ತೆಯರು, ದಾದಿಯರು ದಿನನಿತ್ಯ ಕೇಳಿಸಿಕೊಳ್ಳುವ ನೋವಿನ ಮಾತುಗಳನ್ನು ತಾಲ್ಲೂಕುವಾರು ಸಂಗ್ರಹಿಸಿ, ಪ್ರಶ್ನಾವಳಿಗಳನ್ನು ಅವುಗಳ ಮೇಲೆ ಒರೆಹಚ್ಚುವುದು ಹೆಚ್ಚು ಹಣ ಬೇಡುವ ಕೆಲಸವೇನಲ್ಲ. ಕೋಟದಲ್ಲಿ ಅರ್ಧ ಶತಮಾನದ ಹಿಂದೆಯೇ ಸಾಧ್ಯವಾದದ್ದು ಸೇಡಂನಲ್ಲಿ ಇಂದು ಅಸಾಧ್ಯವಾಗಬೇಕಿಲ್ಲ.