ಪೈಪ್ ತುಂಡಾದರೂ ನಿಲ್ಲುವ ರೈಲು: ಜಾರ್ಜ್ ವೆಸ್ಟಿಂಗ್‌ಹೌಸ್

ಬೆಳಿಗ್ಗೆ ಕುಂದಾಪುರ ಬಸ್ ಸ್ಟ್ಯಾಂಡಲ್ಲಿ ಡ್ರೈವರ್ ಬಸ್ ಸ್ಟಾರ್ಟ್ ಮಾಡಿದ ಕೂಡಲೇ ಹೊರಡೋದಿಲ್ಲ, ಗಮನಿಸಿದ್ದೀರಾ? ಟ್ಯಾಂಕಿಗೆ ಏರ್ ತುಂಬೋ ತನಕ ಕಾಯ್ತಾರೆ. ಆ ಏರ್ ಬ್ರೇಕಿನ ಕಥೆ ಶುರುವಾಗೋದು ಕಾಲೇಜನ್ನು ಅರ್ಧಕ್ಕೇ ಬಿಟ್ಟ ಒಬ್ಬ ಹುಡುಗನಿಂದ.

ಜಾರ್ಜ್ ವೆಸ್ಟಿಂಗ್‌ಹೌಸ್ ಹುಟ್ಟಿದ್ದು 1846ರ ಅಕ್ಟೋಬರ್ 6ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಅವರು ಕೆಲಸ ಕಲಿತದ್ದು ಅಪ್ಪನ ವರ್ಕ್‌ಶಾಪಲ್ಲಿ. ಅಂತರ್ಯುದ್ಧದಲ್ಲಿ ಸೇನೆ, ನೌಕಾಪಡೆ ಎರಡರಲ್ಲೂ ದುಡಿದು, ಯೂನಿಯನ್ ಕಾಲೇಜಿಗೆ ಸೇರಿ ಮೊದಲ ಟರ್ಮಲ್ಲೇ ಬಿಟ್ಟರು.

ಆಗ ರೈಲು ನಿಲ್ಲಿಸಬೇಕಾದರೆ ಬ್ರೇಕ್‌ಮನ್‌ಗಳು ಬೋಗಿಯಿಂದ ಬೋಗಿಗೆ ಓಡಿ, ಕೈಯಲ್ಲಿ ಚಕ್ರ ತಿರುಗಿಸಿ ಬ್ರೇಕ್ ಬಿಗಿಯಬೇಕಿತ್ತು. ಎದುರುಬದುರು ಬಂದ ಎರಡು ಗೂಡ್ಸ್ ರೈಲುಗಳು, ಡ್ರೈವರುಗಳಿಗೆ ಕಂಡರೂ ನಿಲ್ಲಿಸೋಕೆ ಟೈಮ್ ಸಾಲದೆ ಡಿಕ್ಕಿಯಾದದ್ದು ವೆಸ್ಟಿಂಗ್‌ಹೌಸ್ ತಲೆಯಲ್ಲಿ ಉಳಿಯಿತು. ಆಲ್ಪ್ಸ್ ಸುರಂಗವನ್ನು ಗಾಳಿಯ ಒತ್ತಡದ ಡ್ರಿಲ್ಲಿಂದ ಕೊರೆಯುವ ಸುದ್ದಿ ಓದಿದಾಗ ದಾರಿ ಹೊಳೆಯಿತು. 1869ರಲ್ಲಿ, 22ನೇ ವಯಸ್ಸಿಗೆ, ಏರ್ ಬ್ರೇಕಿಗೆ ಪೇಟೆಂಟ್ ಸಿಕ್ಕಿತು.

ಆದರೆ ಅದರಲ್ಲೊಂದು ದೊಡ್ಡ ಕೊರತೆ ಇತ್ತು. ಎಂಜಿನ್ನಿಂದ ಗಾಳಿ ಕಳಿಸಿದರೆ ಮಾತ್ರ ಬ್ರೇಕ್. ಪೈಪ್ ತುಂಡಾದರೆ ಇಡೀ ರೈಲಿಗೆ ಬ್ರೇಕೇ ಇಲ್ಲ. 1872ರಲ್ಲಿ ಅವರು ಲೆಕ್ಕವನ್ನೇ ಉಲ್ಟಾ ಮಾಡಿದರು. ಪ್ರತಿ ಬೋಗಿಗೂ ಒಂದು ಗಾಳಿ ಟ್ಯಾಂಕ್, ಒಂದು ಟ್ರಿಪಲ್ ವಾಲ್ವ್. ಪೈಪಲ್ಲಿ ಒತ್ತಡ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತೆ. ಇಳಿದರೆ ಬೋಗಿಯದೇ ಟ್ಯಾಂಕಿನ ಗಾಳಿ ಬ್ರೇಕ್ ಹಾಕುತ್ತೆ. ಬೋಗಿ ಕಳಚಿಕೊಂಡರೂ ತಾನಾಗಿ ನಿಲ್ಲುತ್ತೆ. ಬೈಂದೂರಲ್ಲಿ ನಿಲ್ಲುವ ಕೊಂಕಣ ರೈಲಿನ ಬ್ರೇಕಿಗೆ ಇಂದಿಗೂ ಇದೇ ತತ್ವ.

ಮುಂದೆ ಟೆಸ್ಲಾ ಪೇಟೆಂಟುಗಳನ್ನು ಕೊಂಡು ಎಸಿ ಕರೆಂಟನ್ನು ಗೆಲ್ಲಿಸಿದರು. 1907ರ ಆರ್ಥಿಕ ಬಿಕ್ಕಟ್ಟಿನಲ್ಲಿ ತಾವೇ ಕಟ್ಟಿದ ಎಲೆಕ್ಟ್ರಿಕ್ ಕಂಪನಿಯ ಹಿಡಿತ ಕಳ್ಕೊಂಡರು. 1914ರ ಮಾರ್ಚ್ 12ರಂದು ತೀರಿಕೊಂಡರು.

ಇದೆಲ್ಲ ಈಗ ಯಾಕೆ ಅಂದ್ರೆ, ಕಾರಿನ ಹಿಂದೆ ಎಳೆಯುವ ಕ್ಯಾರವಾನ್ ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕ್ ಇನ್ನೂ ಅವರ ಮೊದಲ ಬ್ರೇಕಿನ ಹಾಗೇ ಇದೆ. ಕರೆಂಟ್ ಹರಿದರೆ ಮಾತ್ರ ಚಕ್ರದೊಳಗಿನ ಮ್ಯಾಗ್ನೆಟ್ ಹಿಡಿಯುತ್ತೆ. ಟ್ರೇಲರ್ ಕಳಚಿಕೊಂಡರೆ ಒಂದು ಪಿನ್ ಕಿತ್ತು ಬಂದು, ಟ್ರೇಲರಿನ ಬ್ಯಾಟರಿಯಿಂದ ಬ್ರೇಕ್ ಬೀಳಬೇಕು. ಬ್ಯಾಟರಿ ಡೌನಾಗಿದ್ದರೆ, ಅರ್ತ್ ವಯರ್ ತುಕ್ಕು ಹಿಡಿದಿದ್ದರೆ ಅದೂ ಇಲ್ಲ. ಮರವಂತೆಯಂಥ ಉಪ್ಪುಗಾಳಿಯಲ್ಲಿ ಕನೆಕ್ಟರ್ ಹಸಿರಾಗೋಕೆ ಎಷ್ಟು ದಿನ ಬೇಕು? ಹಾಗಾಗಿ ಹೊರಡುವ ಮೊದಲು ನಿಂತಲ್ಲೇ ಪಿನ್ ಎಳೆದು, ಚಕ್ರ ಹಿಡೀತದಾ ನೋಡ್ಬೇಕು.

ನಮ್ಮ ಪ್ರಾಜೆಕ್ಟ್ ಸರ್ಕ್ಯೂಟ್ ವರ್ಕ್ ಆದ ತಕ್ಷಣ ಫೋಟೊ ತೆಗೆದು ಎದ್ದು ಬಿಡ್ತೇವೆ. ಇನ್ನು ಮೇಲೆ ಒಂದು ವಯರ್ ಕಿತ್ತೂ ನೋಡೋಣ.