ಬ್ಯಾಟರಿಯ ಅಜ್ಜ ವೋಲ್ಟಾ



ನಮ್ಮೂರಲ್ಲಿ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಬಂದರೆ ಅಪ್ಪ ಬ್ಯಾಟರಿ ಹಿಡಿದು ಹೊಲಕ್ಕೆ ನೀರು ಕಟ್ಟೋಕೆ ಹೋಗುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಬ್ಯಾಟರಿ ಕೈಕೊಟ್ಟಿತು. ಬದುವಿನ ಮೇಲೆ ಮಲಗಿದ್ದ ಹಾವನ್ನು ಅಪ್ಪ ತುಳಿಯೋದು ಸ್ವಲ್ಪದರಲ್ಲಿ ತಪ್ಪಿತು. ಅಪ್ಪನಿಗೆ ನಾನೇ ಒಂದು ಎಲ್‌ಇಡಿ ಬ್ಯಾಟರಿ ಮಾಡಿಕೊಡಬೇಕು ಅಂತ ಅವತ್ತೇ ಮನಸ್ಸು ಮಾಡಿದೆ.

ಒಂದು ಬಿಳಿ ಎಲ್‌ಇಡಿ ತಂದು ಒಂದು ಶೆಲ್ಲಿಗೆ ಮುಟ್ಟಿಸಿದೆ. ಹತ್ತಲಿಲ್ಲ. ಕಾಲು ಅದಲು ಬದಲು ಮಾಡಿದೆ. ಆಗಲೂ ಹತ್ತಲಿಲ್ಲ. ಕೆಟ್ಟಿರೋದನ್ನೇ ತಂದೆನಲ್ಲ ಅಂತ ಬೇಜಾರಾಯಿತು. ವಿಜ್ಞಾನದ ಮೇಷ್ಟ್ರು ಎರಡು ಶೆಲ್ ಒಂದರ ಹಿಂದೆ ಒಂದು ಇಟ್ಟು, ಎಲ್‌ಇಡಿಯ ಉದ್ದನೆಯ ಕಾಲನ್ನು ಪ್ಲಸ್ ಕಡೆಗೆ ಮುಟ್ಟಿಸಲು ಹೇಳಿದರು. ಹತ್ತಿಯೇ ಬಿಟ್ಟಿತು! ಒಂದಕ್ಕೆ ಹತ್ತದ್ದು ಎರಡಕ್ಕೆ ಯಾಕೆ ಹತ್ತಿತು? ಅದನ್ನು ಹುಡುಕುತ್ತಾ ಹೋದಾಗ ಲೈಬ್ರರಿಯ ಪುಸ್ತಕದಲ್ಲಿ ನನಗೆ ಸಿಕ್ಕವನೇ ವೋಲ್ಟಾ. ಅವನ ಕತೆಯನ್ನು ನಿಮಗೂ ಹೇಳುತ್ತೇನೆ.

ಅಲೆಸ್ಸಾಂಡ್ರೊ ವೋಲ್ಟಾ 1745ರ ಫೆಬ್ರವರಿ 18ರಂದು ಇಟಲಿಯ ಉತ್ತರ ಭಾಗದ ಕೋಮೊ ಎಂಬ ಊರಿನಲ್ಲಿ ಹುಟ್ಟಿದ. ನಾಲ್ಕು ವರ್ಷವಾದರೂ ಅವನಿಗೆ ಸರಿಯಾಗಿ ಮಾತೇ ಬರಲಿಲ್ಲವಂತೆ. ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ಹುಡುಗ ವಕೀಲನಾಗಲಿ ಅಂತ ಮನೆಯವರ ಆಸೆ. ಆದರೆ ಅವನ ಮನಸ್ಸೆಲ್ಲ ವಿದ್ಯುತ್ತಿನ ಮೇಲೆ. 1774ರಲ್ಲಿ ತನ್ನೂರಿನ ಶಾಲೆಯಲ್ಲೇ ಭೌತಶಾಸ್ತ್ರದ ಮೇಷ್ಟ್ರಾದ. 1776ರಲ್ಲಿ ಮಜ್ಜೋರೆ ಸರೋವರದ ಕೆಸರು ಕದಡಿ, ಮೇಲೆ ಬಂದ ಗುಳ್ಳೆಗಳನ್ನು ಹಿಡಿದಿಟ್ಟು ಮೀಥೇನ್ ಅನಿಲವನ್ನು ಕಂಡುಹಿಡಿದ. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದು ಇದೇ ಅನಿಲ. ಆಮೇಲೆ ಪಾವಿಯಾ ವಿಶ್ವವಿದ್ಯಾಲಯ ಸೇರಿ ಹಲವು ವರ್ಷ ಅಲ್ಲೇ ಪಾಠ ಹೇಳಿದ.

ಕತೆಯ ಮುಖ್ಯ ಭಾಗ ಇನ್ನು ಮುಂದಿದೆ. ಬೊಲೋನಿಯಾ ಊರಿನ ಗಾಲ್ವಾನಿ ಎಂಬ ವೈದ್ಯ ಸತ್ತ ಕಪ್ಪೆಯ ಕಾಲಿಗೆ ಎರಡು ಲೋಹಗಳನ್ನು ಮುಟ್ಟಿಸಿದಾಗ ಕಾಲು ಪಟಕ್ಕನೆ ಅದುರಿತು. ಕಪ್ಪೆಯ ಮೈಯೊಳಗೇ ವಿದ್ಯುತ್ ಇದೆ ಎಂದು ಅವನು 1791ರಲ್ಲಿ ಪ್ರಕಟಿಸಿದ. ವೋಲ್ಟಾ ಮೊದಲು ಅದನ್ನು ಒಪ್ಪಿಕೊಂಡ. ಆದರೆ ಒಪ್ಪಿ ಸುಮ್ಮನೆ ಕೂರಲಿಲ್ಲ, ತಾನೂ ಮಾಡಿ ನೋಡಿದ. ಎರಡು ಬೇರೆ ಬೇರೆ ಲೋಹ ಇದ್ದಾಗ ಕಾಲು ಜೋರಾಗಿ ಅದುರುತ್ತಿತ್ತು. ಹಾಗಾದರೆ ವಿದ್ಯುತ್ ಬರೋದು ಕಪ್ಪೆಯಿಂದಲೋ ಲೋಹದಿಂದಲೋ? ತನ್ನ ನಾಲಿಗೆಯ ಮೇಲೇ ತವರದ ಹಾಳೆ, ಬೆಳ್ಳಿಯ ನಾಣ್ಯ ಇಟ್ಟು ಎರಡನ್ನೂ ಸೇರಿಸಿ ನೋಡಿದ. ನಾಲಿಗೆಗೆ ಹುಳಿ ರುಚಿ ಹತ್ತಿತು!

ಆದರೆ ಒಂದು ಜೊತೆ ಲೋಹದಿಂದ ಸಿಗುವ ವಿದ್ಯುತ್ ಬಹಳ ಕಡಿಮೆ. ಆದ್ದರಿಂದ ಬೆಳ್ಳಿ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು, ಮತ್ತೆ ಬೆಳ್ಳಿ, ಸತು, ರಟ್ಟು, ಹೀಗೆ ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಪೇರಿಸಿದ. ಪೇರಿಸಿದಷ್ಟೂ ವಿದ್ಯುತ್ತಿನ ಒತ್ತಡ ಹೆಚ್ಚಿತು. ಕಪ್ಪೆ ಬೇಕಾಗಲೇ ಇಲ್ಲ. 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ವಿವರ ಬರೆದು ಕಳಿಸಿದ. ಅಲ್ಲಿಯವರೆಗೆ ವಿದ್ಯುತ್ ಅಂದರೆ ಉಜ್ಜಿದಾಗ ಬರುವ ಕಿಡಿ, ಕ್ಷಣದಲ್ಲಿ ಮಾಯ. ವೋಲ್ಟಾನ ಕಂಬದಿಂದ ಅದು ಎಡೆಬಿಡದೆ ಹರಿಯಿತು. ಪ್ರಪಂಚದ ಮೊದಲ ಬ್ಯಾಟರಿ ಇದೇ. ಅದೇ ವರ್ಷ ಇಂಗ್ಲೆಂಡಿನಲ್ಲಿ ಇಬ್ಬರು ಇಂಥದ್ದೇ ಕಂಬ ಕಟ್ಟಿ ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆದರು.

ಗಾಲ್ವಾನಿ 1798ರಲ್ಲೇ ತೀರಿಕೊಂಡಿದ್ದ, ಪಾಪ, ಇದನ್ನು ನೋಡಲಿಲ್ಲ. ಆದರೆ ಅವನೂ ಪೂರ್ತಿ ತಪ್ಪಲ್ಲ. ನಮ್ಮ ನರಗಳಲ್ಲಿ ಸುದ್ದಿ ಓಡುವುದು ವಿದ್ಯುತ್ತಿನಿಂದಲೇ ಎಂದು ಮುಂದೆ ಗೊತ್ತಾಯಿತು. ವೋಲ್ಟಾನೂ ಪೂರ್ತಿ ಸರಿಯಲ್ಲ. ಲೋಹಗಳು ಒಂದಕ್ಕೊಂದು ತಾಗಿದರೆ ಸಾಕು ಅಂದುಕೊಂಡಿದ್ದ. ನಿಜವಾಗಿ ಕೆಲಸ ಮಾಡುವುದು ಒಳಗಿನ ರಾಸಾಯನಿಕ ಕ್ರಿಯೆ. ಸತು ಸವೆಯುತ್ತಾ ಹೋಗುತ್ತದೆ. ಹಳೇ ಶೆಲ್ಲನ್ನು ಬ್ಯಾಟರಿಯಲ್ಲೇ ಬಿಟ್ಟರೆ ರಸ ಸೋರುವುದು ಅದಕ್ಕೇ.

1801ರಲ್ಲಿ ವೋಲ್ಟಾ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ ಎದುರು ಪ್ರಯೋಗ ಮಾಡಿ ತೋರಿಸಿದ. ಚಿನ್ನದ ಪದಕ ಬಂತು, 1810ರಲ್ಲಿ ಕೌಂಟ್ ಎಂಬ ಪದವಿಯೂ ಬಂತು. 1819ರಲ್ಲಿ ಕೆಲಸ ಬಿಟ್ಟು ಊರ ಕಡೆಗೆ ಬಂದ. 1827ರ ಮಾರ್ಚ್ 5ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡ. 1881ರಲ್ಲಿ ವಿದ್ಯುತ್ತಿನ ಒತ್ತಡದ ಅಳತೆಗೆ ವೋಲ್ಟ್ ಎಂಬ ಹೆಸರೇ ಗಟ್ಟಿಯಾಯಿತು. ಶೆಲ್ಲಿನ ಮೇಲೆ 1.5 ವೋಲ್ಟ್ ಅಂತ ಇರುತ್ತದಲ್ಲ, ಅದು ಅವನ ಹೆಸರೇ.

ಈಗ ನನ್ನ ಬ್ಯಾಟರಿಯ ವಿಷಯ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಒಂದು ಶೆಲ್ಲಿಗೆ ಹತ್ತದೆ ಎರಡಕ್ಕೆ ಹತ್ತಿದ ಗುಟ್ಟು ಇದೇ. ನಾನು ದುರಾಸೆ ಪಟ್ಟು ಮೂರನೆಯದನ್ನೂ ಸೇರಿಸಿದೆ. 4.5 ವೋಲ್ಟ್ ಆಯಿತು, ಝಗ್ ಅಂತ ಹೊಳೆದು ಎಲ್‌ಇಡಿ ಸುಟ್ಟೇಹೋಯಿತು! ಮೇಷ್ಟ್ರು ಬೈಯಲಿಲ್ಲ, ಲೆಕ್ಕ ಹಾಕಿಸಿದರು. ಹೆಚ್ಚಾದ ಒತ್ತಡ ತಡೆಯಲು ನಡುವೆ 68 ಓಮ್‌ನ ರೆಸಿಸ್ಟರ್ ಹಾಕಿದೆ. ಪೈಪಿನ ತುಂಡಿನಲ್ಲಿ ಮೂರು ಶೆಲ್, ಒಂದು ಸ್ವಿಚ್ಚು, ಹೊಸ ಎಲ್‌ಇಡಿ, ಹಳೇ ಟಾರ್ಚಿನ ಹೊಳೆಯುವ ಬಟ್ಟಲು ಕೂರಿಸಿದೆ.

ಮೊನ್ನೆ ರಾತ್ರಿ ಅಪ್ಪ ಅದನ್ನೇ ಹಿಡಿದು ಹೊಲಕ್ಕೆ ಹೋದರು. ಬೆಳಕು ಬದುವಿನ ಉದ್ದಕ್ಕೂ ಹೋಗೋದನ್ನ ಬಾಗಿಲಲ್ಲಿ ನಿಂತು ನೋಡಿದೆ. ಅವರು ವಾಪಸ್ ಬರೋವರೆಗೂ ನನಗೆ ನಿದ್ದೆ ಬರಲಿಲ್ಲ.

ಗೆಳೆಯರೇ, ದೊಡ್ಡವರು ಹೇಳಿದ್ದನ್ನೂ ಒಮ್ಮೆ ಮಾಡಿ ನೋಡಬೇಕು ಅಂತ ವೋಲ್ಟಾ ನನಗೆ ಕಲಿಸಿದ. ನೀವೂ ಮಾಡಿ ನೋಡಿ. ಆದರೆ ಶೆಲ್ಲಿನಲ್ಲಿ ಮಾತ್ರ, ಮನೆಯ ಕರೆಂಟಿನ ಹತ್ತಿರ ಹೋಗಬೇಡಿ.

ಇಂತಿ ನಿಮ್ಮವ,
9ನೇ ತರಗತಿ ವಿದ್ಯಾರ್ಥಿ