ನೀರ್ ಸಾಬರು: ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್



ಅಕ್ಟೋಬರ್ ಬಂತೆಂದರೆ ನಮಗೆ ನಜೀರ್ ಸಾಬರ ನೆನಪು. ಕುರಿಚಿಯಿಂದ ಊಟಿ, ಗೂಡಲೂರು, ಬಂಡೀಪುರದ ಮೇಲೆ ಮೈಸೂರಿಗೆ ಹೋಗುವ ನಮ್ಮ ಸದಸ್ಯರಲ್ಲಿ ಗುಂಡ್ಲುಪೇಟೆಯಲ್ಲಿ ಕಾಫಿಗೆ ಇಳಿಯದವರು ಕಡಿಮೆ. ಅವರು ಆ ಊರಿನವರು, ನಮ್ಮಂತೆಯೇ ಗಡಿಯ ಮಗ್ಗುಲಲ್ಲಿ ಬೆಳೆದವರು.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಾಬರ ಪಾಲಿಗೆ ಬಂತು. ಅವು ಬರದ ವರ್ಷಗಳು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ, ಕೈಪಂಪು ಹಾಕಿಸಿದರು. ಕೊಡ ಹೊತ್ತು ಮೈಲಿಗಟ್ಟಲೆ ನಡೆದಿದ್ದ ಹೆಂಗಸರಿಗೆ ಊರೊಳಗೇ ನೀರು ಸಿಕ್ಕಿತು. ಜನ ಅವರನ್ನು ನೀರ್ ಸಾಬ್ ಎಂದು ಕರೆದರು.

ಆದರೆ ನಮ್ಮ ಮಟ್ಟಿಗೆ ದೊಡ್ಡದು ನೀರಲ್ಲ, ಕಾಗದ. ಮೂರು ದಶಕಕ್ಕೂ ಹೆಚ್ಚು ಕಾಲ ಗುಮಾಸ್ತೆಯಾಗಿ ಕಡತ ಕಟ್ಟಿದವರು ನಾವು. ಒಂದು ಮೋರಿಯ ದುರಸ್ತಿಗೂ ಕಡತ ಮೇಲಕ್ಕೆ ಹೋಗಿ, ಆಕ್ಷೇಪಣೆಯೊಡನೆ ಕೆಳಗಿಳಿದು, ಮತ್ತೆ ಮೇಲೇರುವುದನ್ನು ನೋಡಿದ್ದೇವೆ. ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತಿತ್ತು! ಕರ್ನಾಟಕದಲ್ಲೂ 1959ರ ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲಿ ಇದ್ದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ, ಸಲಹೆ ಕೊಡುವ ಮಂಡಳಿ ಮಾತ್ರ.

ಸಾಬರು ತಂದ 1983ರ ಕಾಯ್ದೆ ಇದನ್ನು ತಿರುಗಿಸಿತು. ಕೆಲವು ಹಳ್ಳಿ ಸೇರಿ ಒಂದು ಮಂಡಲ ಪಂಚಾಯಿತಿ, ಜಿಲ್ಲೆಗೆ ಒಂದು ಜಿಲ್ಲಾ ಪರಿಷತ್ತು, ಎರಡಕ್ಕೂ ಜನರೇ ನೇರವಾಗಿ ಆರಿಸಿದ ಸದಸ್ಯರು. ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐ.ಎ.ಎಸ್. ಅಧಿಕಾರಿ. ಈ ಕೊನೆಯ ಅಂಶದ ತೂಕ ಕಚೇರಿಯಲ್ಲಿ ಕೂತವರಿಗೆ ಗೊತ್ತು. ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು, ಅವುಗಳ ಹಣ, ಸಿಬ್ಬಂದಿ ಎಲ್ಲ ಪರಿಷತ್ತಿಗೆ. ಮಂತ್ರಿಯೊಬ್ಬರು ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ತಾವೇ ಕಾಯ್ದೆ ಬರೆಸಿ ಬಿಟ್ಟುಕೊಟ್ಟದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ.

ವಿಧಾನಮಂಡಲ ಒಪ್ಪಿದರೂ ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಹಲವು ಜಿಲ್ಲಾ ಪರಿಷತ್ತುಗಳನ್ನು ವಿರೋಧ ಪಕ್ಷವೇ ಗೆದ್ದಿತು. ಆದರೂ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಭೂಮಿಯ ಬೀಗದ ಕೈ ಹಳ್ಳಿಗೆ ಬರಲಿಲ್ಲ. ಹೊಲವನ್ನು ಸೈಟಾಗಿ, ಕಾರ್ಖಾನೆ ಜಾಗವಾಗಿ ಪರಿವರ್ತಿಸುವ ಅನುಮತಿ ಭೂಕಂದಾಯ ಕಾಯ್ದೆಯಂತೆ ಜಿಲ್ಲಾಧಿಕಾರಿಯ ಬಳಿಯೇ ಉಳಿಯಿತು. ಶಾಲೆಗೆ ಮಾಡು ಹಾಕಿಸುವ ಮಂಡಲಕ್ಕೆ, ಪಕ್ಕದ ಹೊಲ ಏನಾಗಬೇಕೆಂದು ತೀರ್ಮಾನಿಸುವ ಹಕ್ಕಿರಲಿಲ್ಲ.

ಹೊಸ ವ್ಯವಸ್ಥೆಗೆ ಎರಡು ವರ್ಷ ತುಂಬುವ ಮೊದಲೇ, 1988ರ ಅಕ್ಟೋಬರಿನಲ್ಲಿ ಸಾಬರು ಕ್ಯಾನ್ಸರ್‌ನಿಂದ ತೀರಿಕೊಂಡರು. 1992ರಲ್ಲಿ ಸದಸ್ಯರ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಮರುವರ್ಷ, ಸಂವಿಧಾನದ 73ನೇ ತಿದ್ದುಪಡಿಗೆ ಹೊಂದುವ ಬೇರೆ ಕಾಯ್ದೆ ಬಂತು. ರಾಜ್ಯದ ಕಾಯ್ದೆ ಕೊಟ್ಟದ್ದನ್ನು ರಾಜ್ಯವೇ ಸುಮ್ಮನೆ ನಿಲ್ಲಿಸಿಬಿಡಬಹುದು ಎಂಬುದು ಹೀಗೆ ಕಂಡಿತು.

ಇದು ನಮಗೆ ದೂರದ ಕಥೆಯಲ್ಲ. ನಮ್ಮ ಕುರಿಚಿ ನಗರಸಭೆಯಾಗಿತ್ತು. 2011ರಲ್ಲಿ ಕೊಯಮತ್ತೂರು ಮಹಾನಗರ ಪಾಲಿಕೆಗೆ ಸೇರಿತು. 2016ರಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ 2022ರ ಫೆಬ್ರುವರಿಯವರೆಗೆ ಚುನಾವಣೆಯೇ ಇರಲಿಲ್ಲ. ಆ ಐದು ವರ್ಷ ಕೆರೆ, ಚರಂಡಿ, ಮನೆ ನಕ್ಷೆ ಯಾವುದನ್ನೂ ಕೇಳಲು ನಮ್ಮ ಬೀದಿಗೆ ಒಬ್ಬ ಕೌನ್ಸಿಲರ್ ಇರಲಿಲ್ಲ.

ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಸಾಬರ ಹೆಸರಿದೆ. ತಾಳವಾಡಿ, ಹೊಸೂರು, ಗೂಡಲೂರು ಕಡೆಯ ಸದಸ್ಯರಲ್ಲಿ ಯಾರ ನೆಂಟರಾದರೂ 1987ರ ಮಂಡಲ ಪಂಚಾಯಿತಿಯಲ್ಲಿ ಸದಸ್ಯರಾಗಿದ್ದರೆ, ಅವರ ನೆನಪುಗಳನ್ನು ನಾಲ್ಕು ಸಾಲಿನಲ್ಲಾದರೂ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಕಾರ್ಯದರ್ಶಿ